ಕೈಯಲ್ಲಿ ಚಪ್ಪಲಿ

ಮೀನಿನ ತೊಟ್ಟಿಯ ಮೋಟಾರು ಮತ್ತೆ ಗುಳುಗುಳು ಅನ್ನುತ್ತಿದೆ, ಯಾರಾದರೂ ಅದಕ್ಕೊಂದು ತಟ್ಟಬಾರದೇ, ನಾನಂತೂ ಏಳುವ ಹಾಗಿಲ್ಲ, ಈ ಗಿಡ್ಡ ಕುರ್ಚಿಯಲ್ಲಿ ಕೂತರೆ ಮಂಡಿ ಗದ್ದಕ್ಕೆ ಬರುತ್ತದೆ, ಬಂದರೂ ಇಲ್ಲೇ ಕೂರಬೇಕು, ಬಾಗಿಲಿಗೆ ಎದುರಾಗಿ, ಒಳಗೆ ಬರುವ ಮಗುವಿನ ಕಣ್ಣಿಗೆ ನನ್ನ ಕಣ್ಣು ಸಮನಾಗುವಂತೆ — ಮೂಲೆಯಲ್ಲಿ ಕಾಲೇಜಿನ ಮೇಡಂ ಕೂತಿದ್ದಾರೆ, ಈ ಕೋಣೆಯಲ್ಲಿರುವ ಒಂದೇ ಒಂದು ದೊಡ್ಡವರ ಕುರ್ಚಿಯಲ್ಲಿ, ಕೈ ಮೇಲೆ ಕೈ ಇಟ್ಟುಕೊಂಡು, ನನ್ನನ್ನೇ ನೋಡುತ್ತ. ನೋಡಲಿ. ನೋಡುವುದಕ್ಕೇ ಬಂದವರು. ಇವತ್ತು ಕೊನೆಯ ಭೇಟಿ, ಇವತ್ತು ಅವರು ಹೂಂ ಅಂದರೆ ನಾನು ಈ ಶಿಶುಶಾಲೆಯ ಟೀಚರ್, ಉಹೂಂ ಅಂದರೆ ಇನ್ನೊಂದು ವರ್ಷ ಇದೇ ಕಲಿಯುವವಳು, ವಾರಕ್ಕೊಂದು ದಿನ ಕಾಲೇಜಿನ ಬೆಂಚು, ಉಳಿದ ದಿನವೆಲ್ಲ ಇಲ್ಲಿ ಬ್ರಷ್ ತೊಳೆದು, ಮೂಗು ಒರೆಸಿ, ಕೆಲಸ ಮಾಡುತ್ತಲೇ ಕೆಲಸ ಕಲಿಯುವುದು. ಟೀಚರ್ ಆದರೆ ಚುಕ್ಕಿಯನ್ನೂ ಇಲ್ಲಿಗೇ ಕರೆತರಬಹುದು, ಟೀಚರ್‌ಗಳ ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಜಾಗ ಕೊಡುತ್ತಾರೆ, ಕಲಿಯುವವರ ಮಕ್ಕಳಿಗೆ ಕೊಡುವುದಿಲ್ಲ. ಆಮೇಲೆ ನಾನೂ ನನ್ನ ಮಗಳೂ ಒಂದೇ ಬಸ್ಸಿನಲ್ಲಿ, ಕೈ ಕೈ ಹಿಡಿದುಕೊಂಡು, ಯಾರೂ ಯಾರನ್ನೂ ಬಿಟ್ಟುಬರದೆ. ಇದೊಂದು ದಿನ ಕಳೆದರೆ ಸಾಕು ಅಂತ ಎಷ್ಟು ದಿನದಿಂದ ಅಂದುಕೊಳ್ಳುತ್ತಿದ್ದೇನೋ, ಆ ಒಂದು ದಿನ ಇವತ್ತೇ ಬಂದಿದೆ, ಬಂದರೂ ಮನಸ್ಸು ಇಲ್ಲಿ ನಿಲ್ಲುತ್ತಿಲ್ಲ, ಗುಳುಗುಳು, ಬೆಳಿಗ್ಗೆ ಬಿಟ್ಟುಬಂದ ನಲ್ಲಿಯೇ ಇಲ್ಲಿಯವರೆಗೂ ಹರಿದುಬಂದ ಹಾಗಿದೆ.

ನಲ್ಲಿ ಅತ್ತೆಯ ಉಪಾಯ. ಅತ್ತೆಯನ್ನು ನಾನು ಬೈಯುವುದಿಲ್ಲ, ಅವರ ಮಂಡಿ ಅವರ ಮಾತು ಕೇಳುವುದಿಲ್ಲ, ಸೊಂಟವೂ ಕೇಳುವುದಿಲ್ಲ, ಆದರೂ ದಿನವಿಡೀ ಚುಕ್ಕಿಯ ಹಿಂದೆ ಓಡುವವರು ಅವರೇ, ಇವರಂತೂ ಬೆಳಕು ಹರಿಯುವ ಮೊದಲೇ ವ್ಯಾನು ತೆಗೆದುಕೊಂಡು ಹೊರಟುಬಿಡುತ್ತಾರೆ. ಮೊದಮೊದಲು ಹೇಳಿಯೇ ಹೊರಡುತ್ತಿದ್ದೆ, ಚುಕ್ಕಿ ಕಾಲಿಗೆ ತೆಕ್ಕೆಬೀಳುತ್ತಿದ್ದಳು, ಕಿರುಚಿ ಕಿರುಚಿ ಕುಡಿದ ಹಾಲೆಲ್ಲ ನನ್ನ ಬಟ್ಟೆಯ ಮೇಲೆ ಕಕ್ಕುತ್ತಿದ್ದಳು, ಬಟ್ಟೆ ಬದಲಿಸುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು, ಶಾಲೆಗೆ ಬಂದರೆ ದೊಡ್ಡ ಟೀಚರ್ ಬಾಗಿಲಲ್ಲೇ ನಿಂತಿರುತ್ತಿದ್ದರು, ಅವರು ಬೈಯುವವರಲ್ಲ, ನನ್ನ ಮುಖ ನೋಡಿ ಗೋಡೆಯ ಗಡಿಯಾರ ನೋಡುತ್ತಾರೆ, ಅಷ್ಟೇ, ಬೈದಿದ್ದರೇ ವಾಸಿ. ಆಗ ಅತ್ತೆ ಹೇಳಿದರು, ಹೇಳಿ ಹೋದ್ರೆ ಅಳುತ್ತೆ, ಹೇಳ್ದೆ ಹೋಗು, ಅಷ್ಟು ಚಿಕ್ಕ ಮಗೂಗೆ ಏನು ತಿಳಿಯುತ್ತೆ, ನಿನ್ನ ಗಂಡನ್ನ ನಾನು ಹಾಗೇ ಬೆಳೆಸಿದ್ದು, ಏನಾಗಿದೆ ಅವನಿಗೆ. ಏನೂ ಆಗಿಲ್ಲ, ಮಾತು ಕಡಿಮೆ, ಎಲ್ಲಿಗೆ ಹೊರಟಿರಿ ಅಂದರೆ ಬರ್ತೀನಿ ಅನ್ನುತ್ತಾರೆ, ಅಷ್ಟೇ. ಅಂದಿನಿಂದ ಶುರುವಾಯಿತು, ಬಚ್ಚಲಲ್ಲಿ ನೀಲಿ ಟಬ್ಬು, ಅದರ ಮೇಲೆ ನಲ್ಲಿ, ಚುಕ್ಕಿಯ ಕೈಗೊಂದು ಸ್ಟೀಲ್ ಲೋಟ. ನೀರು ಕಂಡರೆ ಅವಳಿಗೆ ಬೇರೆ ಲೋಕವೇ ಬೇಡ, ತುಂಬುತ್ತಾಳೆ, ಸುರಿಯುತ್ತಾಳೆ, ಲೋಟದ ಜೊತೆ ಮಾತಾಡುತ್ತಾಳೆ, ಕುಡಿ, ಸಾಕಾ, ಇನ್ನೂ ಬೇಕಾ. ಆ ಹೊತ್ತಿಗೆ ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು, ಚಿಲಕವನ್ನು ಬೆರಳಿನಿಂದ ಒತ್ತಿ ಹಿಡಿದು ಸದ್ದಾಗದಂತೆ ಸರಿಸಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ಹೊರಗೆ. ನನ್ನ ಚಪ್ಪಲಿಯ ಸದ್ದು ಅವಳಿಗೆ ಗೊತ್ತು, ಅದಕ್ಕೇ ಕೈಯಲ್ಲಿ. ಮೆಟ್ಟಿಲು ತಣ್ಣಗೆ ಅಂಗಾಲಿಗೆ ತಾಗುತ್ತದೆ, ಕೆಳಗೆ ದರ್ಜಿಯ ಅಂಗಡಿಯ ಮುಂದೆ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತೇನೆ, ದರ್ಜಿ ಅದೇ ಆಗ ಬಾಗಿಲು ತೆಗೆಯುತ್ತಿರುತ್ತಾನೆ, ಒಂದು ದಿನ ಕೇಳಿಯೇಬಿಟ್ಟ, ಏನಕ್ಕಾ, ದಿನಾ ಕದ್ದು ಓಡಿಹೋಗೋರ ಥರ ಹೋಗ್ತೀರಲ್ಲ, ಯಾರ ಮನೇಲಿ ಕದ್ದಿದ್ದು. ನಮ್ಮನೇಲೇ ಕಣಪ್ಪ ಅಂದು ನಕ್ಕೆ, ಅವನೂ ನಕ್ಕ.

ಇವತ್ತೂ ಹಾಗೇ ಹೊರಟದ್ದು. ಆದರೆ ಯಾಕೋ ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿದೆ, ನೋಡಬಾರದಾಗಿತ್ತು, ಬಚ್ಚಲ ಬಾಗಿಲು ತೆರೆದೇ ಇತ್ತು, ಚುಕ್ಕಿ ಕುಕ್ಕರುಗಾಲಲ್ಲಿ ಕೂತಿದ್ದಳು, ಬೆನ್ನು ನನ್ನ ಕಡೆ, ನಲ್ಲಿ ಹರಿಯುತ್ತಿತ್ತು, ಲೋಟ ತುಂಬಿ ಚೆಲ್ಲುತ್ತಿತ್ತು, ಚೆಲ್ಲುತ್ತಲೇ ಇತ್ತು, ಅವಳು ಅದನ್ನು ಸುರಿಯಲಿಲ್ಲ. ಮಾತಿಲ್ಲ. ಕೈ ಅಲ್ಲಾಡಲಿಲ್ಲ, ಕುತ್ತಿಗೆ ಅಲ್ಲಾಡಲಿಲ್ಲ, ಫೋಟೊ ತೆಗೆಯುವಾಗ ಅಲ್ಲಾಡಬೇಡ ಅಂದರೆ ಕೂರುತ್ತಾಳಲ್ಲ, ಹಾಗೆ ಬಿಗಿಯಾಗಿ ಕೂತಿದ್ದಳು. ನೀರಿನಲ್ಲಿ ಮೈಮರೆತಿದ್ದಾಳೆ, ಅಷ್ಟೇ. ಮೈಮರೆತ ಮಗು ಲೋಟ ಸುರಿಯುತ್ತದೆ. ಇಲ್ಲ, ಇಲ್ಲ, ನಿದ್ದೆಗಣ್ಣು, ರಾತ್ರಿ ಸರಿಯಾಗಿ ಮಲಗಿರಲಿಲ್ಲ, ಅದಕ್ಕೇ. ನಾನು ಚಪ್ಪಲಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದೆ, ಬಸ್ಸು ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು, ಎಲ್ಲ ಸರಿಯಾಗಿದೆ.

ಕೆಲಸ ಕಲಿತರೆ ಕಣ್ಣು ಕೆಡುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಇಲ್ಲಿಗೆ ಸೇರಿದ ಹೊಸತರಲ್ಲಿ ನನ್ನನ್ನು ಮಕ್ಕಳ ಹತ್ತಿರ ಮಾತಾಡಲೇ ಬಿಡಲಿಲ್ಲ ದೊಡ್ಡ ಟೀಚರ್, ಗೋಡೆಗೆ ಒರಗಿ ನೆಲದ ಮೇಲೆ ಕೂರು, ಬಾಯಿ ಮುಚ್ಚು, ನೋಡು, ಅಷ್ಟೇ ಕೆಲಸ. ಇದೆಂಥ ಕೆಲಸ ಅಂತ ನಗು ಬಂದಿತ್ತು, ಸುಮ್ಮನೆ ಕೂರಲು ನಮ್ಮೂರ ಸೋಮಾರಿಗಳೂ ಬಲ್ಲರು. ಮಕ್ಕಳು ಮನೆಗೆ ಹೋದ ಮೇಲೆ ಕೇಳುತ್ತಿದ್ದರು, ಏನು ಕಂಡಿತು. ಒಬ್ಬ ಹುಡುಗ ಕೋಪ ಬಂದು ಬ್ಲಾಕು ಎಸೆದ ಅಂದೆ. ಕೋಪ ಎಲ್ಲಿ ಕಂಡಿತು ಅಂದರು. ಎಸೆದದ್ದು ಕಂಡಿತು, ಕೋಪ ನೀನು ಸೇರಿಸಿದ್ದು, ಅದು ಭಯ ಇರಬಹುದು, ಹಸಿವು ಇರಬಹುದು, ಎಸೆದರೆ ಹೇಗೆ ಸದ್ದಾಗುತ್ತೆ ನೋಡೋಣ ಅನ್ನೋದೂ ಇರಬಹುದು, ಮೊದಲು ಕಂಡದ್ದು ಹೇಳು, ಅಂದುಕೊಂಡದ್ದು ಆಮೇಲೆ. ದಿನವೂ ಇದೇ, ಏನು ಕಂಡಿತು, ಏನು ಕಂಡಿತು, ಮನೆಗೆ ಹೋಗುವ ಬಸ್ಸಿನಲ್ಲೂ ನನ್ನ ಕಿವಿಯಲ್ಲಿ ಅದೇ. ಆಮೇಲೆ ಮನೆಯಾಟದ ಮೂಲೆಗೆ ಕೂರಿಸಿದರು, ಅಲ್ಲಿ ಸಣ್ಣ ಒಲೆ, ಸಣ್ಣ ಮಂಚ, ಬಟ್ಟೆಯ ಗೊಂಬೆಗಳು. ಮನೆಯಲ್ಲಿ ಏನು ನಡೀತಿದೆ ಅಂತ ಅಪ್ಪ ಅಮ್ಮನ್ನ ಕೇಳಬೇಡ, ಅವರು ಹೇಳಲ್ಲ, ಇಲ್ಲಿ ಕೂತು ನೋಡು, ಬಾಯಲ್ಲಿ ಹೇಳೋಕಾಗದ್ದನ್ನ ಮಕ್ಕಳು ಆಡ್ತವೆ, ಅಂದರು. ನಿಜ. ಒಂದು ಹುಡುಗಿ ಗೊಂಬೆ ಅಳಲಿ ಬಿಡಲಿ ಕಿವಿಗೆ ಕೈ ಇಟ್ಟುಕೊಂಡು ಫೋನಲ್ಲಿದೀನಿ ಸುಮ್ನಿರು ಅನ್ನುತ್ತಿದ್ದಳು, ಒಬ್ಬ ಪೋರ ಅಪ್ಪನ ಗೊಂಬೆಯನ್ನು ಮಂಚದ ಮೇಲೆ ಮಲಗಿಸಿ ಅದು ಎದ್ದರೆ ಸಾಕು ಮತ್ತೆ ಮಲಗಿಸುತ್ತಿದ್ದ, ನಾವು ಟೀ ಕುಡಿಯುವಾಗ ಬಿದ್ದು ಬಿದ್ದು ನಗುತ್ತಿದ್ದೆವು, ಆಮೇಲೆ ಅದೇ ಪೋರನ ಅಪ್ಪನಿಗೆ ಕೆಲಸ ಹೋಗಿದೆ ಅಂತ ತಿಳಿದು ನಗು ನಿಂತಿತು. ಒಮ್ಮೆ ನಾನು ನಡುವೆ ಬಾಯಿ ಹಾಕಿದ್ದೆ, ಅಯ್ಯೋ ಪಾಪ ಗೊಂಬೆ ಅಳ್ತಿದೆಯಲ್ಲಾ ಅಂತ, ಆಟ ಅಲ್ಲೇ ಮುರಿಯಿತು, ಆ ಹುಡುಗಿ ಗೊಂಬೆಯನ್ನು ಬಿಟ್ಟು ಎದ್ದು ಹೋದಳು, ದೊಡ್ಡ ಟೀಚರ್ ಅವತ್ತು ಗಡಿಯಾರವನ್ನೂ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು. ಆಡುವ ಮಗುವಿನ ಆಟವನ್ನು ಮುರಿಯಬಾರದು. ಅದೊಂದು ನನ್ನ ಮೈಗೆ ಹತ್ತಿಬಿಟ್ಟಿದೆ, ಈಗ ರಸ್ತೆಯಲ್ಲಿ ಮಕ್ಕಳು ಆಡುತ್ತಿದ್ದರೂ ದೂರದಲ್ಲೇ ಕಾಲು ನಿಲ್ಲುತ್ತದೆ.

ಬಂದ, ಜೇಬು ಬಂದ. ಅವನ ಹೆಸರು ಬೇರೆ, ನಾವಿಟ್ಟದ್ದು ಜೇಬು, ಲಿಫ್ಟು ರಿಪೇರಿ ಮಾಡುವ ಅವನ ಅಪ್ಪನ ಪ್ಯಾಂಟಿನ ಜೇಬಿಗೆ ಕೈ ತೂರಿಸಿಕೊಂಡೇ ಒಳಗೆ ಬರುವವನು, ಆ ಕೈಯನ್ನು ಅಲ್ಲಿಂದ ಹೊರಗೆ ತೆಗೆಯುವುದೇ ಪ್ರತಿ ಬೆಳಗಿನ ನನ್ನ ಕೆಲಸ, ಮತ್ತು ಮೇಡಂ ನೋಡಲು ಬಂದಿರುವುದೂ ಅದನ್ನೇ. ಅಪ್ಪ ಬಾಗಿ ಚೀಲ ಗೂಟಕ್ಕೆ ಹಾಕಿದ, ಗ್ರೀಸಿನ ವಾಸನೆ, ಉಗುರ ಸಂದಿನಲ್ಲೆಲ್ಲ ಕಪ್ಪು, ಜೇಬುವಿನ ಕಣ್ಣು ಅಷ್ಟರಲ್ಲಿ ಮೀನಿನ ತೊಟ್ಟಿಯ ಮೇಲೆ ಬಿತ್ತು, ಗುಳುಗುಳು, ಅವನ ಕೈ ತಾನಾಗೇ ಜೇಬಿನಿಂದ ಹೊರಗೆ ಬಂತು, ಎರಡು ಹೆಜ್ಜೆ ತೊಟ್ಟಿಯ ಕಡೆ ಹೋದ — ಅಪ್ಪ ನನ್ನ ಕಡೆ ನೋಡಿ ಕಣ್ಣಲ್ಲೇ ಬರ್ತೀನಿ ಅಂದ, ಹಿಂದಿಂದಕ್ಕೆ ಸರಿಯತೊಡಗಿದ, ಅವನ ಭಾರದ ಬೂಟುಗಳು, ಅಷ್ಟು ಭಾರದ ಬೂಟು ಹಾಕಿಕೊಂಡು ಅಷ್ಟು ಮೆಲ್ಲಗೆ ನಡೆಯಲು ಆ ಮನುಷ್ಯ ಎಲ್ಲಿ ಕಲಿತನೋ, ತುದಿಗಾಲು. ಮೇಡಂ ನೋಡುತ್ತಿದ್ದಾರೆ. ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ಸರ್, ಹೇಳಿ ಹೋಗಿ. ಅಳ್ತಾನೆ ಟೀಚರ್, ಇವತ್ತು ನೋಡಿ ತಾನಾಗೇ ಹೋಗಿದಾನೆ, ಸುಮ್ನೆ ಯಾಕೆ ಕೆಣಕೋದು. ಅಳಲಿ ಸರ್, ನೀವು ಎದುರಿಗಿರುವಾಗಲೇ ಅಳಲಿ, ಈಗ ಹಾಗೇ ಹೋದ್ರೆ ಆ ಮೀನು ನೋಡೋಕೂ ಅವನು ನಾಳೆ ಹೆದರ್ತಾನೆ, ಕಣ್ಣು ಆಚೆ ಹೋದ್ರೆ ಅಪ್ಪ ಇರಲ್ಲ ಅಂತ. ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು, ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಆ ಮನುಷ್ಯ ಮೇಡಂಗೂ ಕೇಳುವಷ್ಟು ಗಟ್ಟಿಯಾಗಿಯೇ ಕೇಳಿದ, ನಿಮ್ಮ ಮನೇಲೂ ಚಿಕ್ಕ ಮಗು ಇದೆಯಲ್ಲ ಟೀಚರ್, ನೀವು ಹೇಗೆ ಬರ್ತೀರಿ. ಅವನು ಕೆಣಕಲು ಕೇಳಿದ್ದಲ್ಲ, ಕಲಿಯಲು ಕೇಳಿದ್ದು, ಅವನ ಮುಖದಲ್ಲಿ ಅದು ಕಾಣುತ್ತಿತ್ತು. ಹೇಳೇ ಬರ್ತೀನಿ, ಅಂದೆ.

ಹೇಳೇ ಬರ್ತೀನಿ. ನಾಲಿಗೆ ತೊದಲಲೂ ಇಲ್ಲ. ಅವನು ತಿರುಗಿ ಹೋಗಿ ಮಗನ ಮುಂದೆ ಮಂಡಿಯೂರಿದ, ಅಪ್ಪ ಕೆಲಸಕ್ಕೆ ಹೋಗ್ತೀನಿ ಕಂದ, ನೀನು ಊಟ ಮಾಡಿ ಎದ್ದ ಮೇಲೆ ಬರ್ತೀನಿ, ಜೇಬು ಅಪ್ಪನ ಕುತ್ತಿಗೆಗೆ ನೇತುಬಿದ್ದ, ಕೋಣೆ ಹಾರಿಹೋಗುವಷ್ಟು ಅಳು. ನಾನು ಆಟಿಕೆ ತೋರಿಸಲಿಲ್ಲ, ಅಲ್ನೋಡು ಗಿಣಿ ಅನ್ನಲಿಲ್ಲ, ನೆಲದ ಮೇಲೆ ಪಕ್ಕದಲ್ಲಿ ಕೂತೆ, ಕಾಯುತ್ತ. ಅಪ್ಪ ತನ್ನ ಕರವಸ್ತ್ರವನ್ನು ಮಡಿಸಿ ಮಗನ ಜೇಬಿಗೆ ಹಾಕಿದ, ಎದ್ದ, ಹೋದ, ಗಾಜಿನ ಆಚೆ ನಿಂತು ಕೈ ಬೀಸಿದ, ಅವನ ಕಣ್ಣೂ ಒದ್ದೆಯಾಗಿತ್ತು, ಬೂಟಿನ ಸದ್ದು ಧಡಧಡ ಅಂತ ಮೆಟ್ಟಿಲಿಳಿದು ಹೋಯಿತು, ಮಗ ಆ ಸದ್ದನ್ನು ಕೊನೆಯವರೆಗೂ ಕೇಳಿಸಿಕೊಂಡ. ಅಪ್ಪ ಹೋದ್ರು, ನಿನಗೆ ಬೇಜಾರಾಗಿದೆ, ನಾನಿಲ್ಲೇ ಇದೀನಿ, ಅಂದೆ. ಮತ್ತೂ ಅತ್ತ. ಅಳು ಬಿಕ್ಕಾಯಿತು, ಬಿಕ್ಕು ನಿಟ್ಟುಸಿರಾಯಿತು, ಕೊನೆಗೆ ಜೇಬಿನೊಳಗೆ ಕೈ ಹಾಕಿಕೊಂಡು ನನ್ನ ತೊಡೆಗೆ ಒರಗಿ ಮೀನು ನೋಡುತ್ತ ಕೂತ. ಬಿಸಿ ತಲೆ, ಬೆವರಿದ ಕೂದಲು, ಮಗು ಅತ್ತ ಮೇಲೆ ಬರುವ ಆ ಉಪ್ಪು ವಾಸನೆ. ಚುಕ್ಕಿ ಅತ್ತು ಎಷ್ಟು ದಿನವಾಯಿತು. ಬಿದ್ದರೂ ಅಳುವುದಿಲ್ಲ ಈಗ, ನೋಡಿ ಎಷ್ಟು ಗಟ್ಟಿ ನನ್ನ ಮೊಮ್ಮಗಳು ಅನ್ನುತ್ತಾರೆ ಅತ್ತೆ, ಸಂಜೆ ನಾನು ಬಂದಾಗ ಓಡಿಬರುತ್ತಿದ್ದವಳು ಈಗ ಕೂತಲ್ಲೇ ತಲೆಯೆತ್ತಿ ನೋಡಿ ಮತ್ತೆ ತನ್ನ ಆಟಕ್ಕೆ ಹೋಗುತ್ತಾಳೆ, ಹೊಂದಿಕೊಂಡಿದ್ದಾಳೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅಳದ ಮಗುವನ್ನೇ ಹೆಚ್ಚು ನೋಡಬೇಕು ಅಂತ ಕಾಲೇಜಿನಲ್ಲಿ ಇದೇ ಮೇಡಂ ಹೇಳಿದ್ದರು, ನಾನು ಮುಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸಿದ್ದೆ.

ಮಕ್ಕಳೆಲ್ಲ ಊಟ ಮಾಡಿ ಮನೆಗೆ ಹೋದ ಮೇಲೆ ಮೇಡಂ ನನ್ನನ್ನು ಕರೆದು ಕೂರಿಸಿದರು, ಗಿಡ್ಡ ಕುರ್ಚಿಯಲ್ಲೇ, ತಾವೂ ಒಂದು ಗಿಡ್ಡ ಕುರ್ಚಿ ಎಳೆದುಕೊಂಡರು, ದೊಡ್ಡ ಟೀಚರ್ ಬಾಗಿಲಿಗೆ ಒರಗಿ ನಿಂತರು. ಮೇಡಂ ಕೆಮ್ಮಿ, ನೀರು ಕುಡಿದು, ನನ್ನ ಜೀವ ಹಿಂಡಿ, ಆಮೇಲೆ ಹೇಳಿದರು, ನೀವಿನ್ನು ಟೀಚರ್ ಅಂತಲೇ ಅಂದುಕೊಳ್ಳಿ. ಹೊರಡುತ್ತಿದ್ದ ತಂದೆಯನ್ನು ತಡೆದದ್ದು ದೊಡ್ಡದು, ಹೊಸಬರು ಮಕ್ಕಳಿಗೆ ಹೇಳುತ್ತಾರೆ, ದೊಡ್ಡವರಿಗೆ ಹೇಳಲು ಹೆದರುತ್ತಾರೆ, ನೀವು ಹೆದರಲಿಲ್ಲ, ಅಂದರು. ಇನ್ನೂ ಏನೇನೋ ಒಳ್ಳೆಯ ಮಾತು, ನಾನು ಸಂತೋಷಪಡಬೇಕು, ಪಡುತ್ತಲೂ ಇದ್ದೇನೆ, ಕಿವಿ ಬೆಚ್ಚಗಾಗಿದೆ, ಅಷ್ಟರಲ್ಲಿ ಅವರು ಅಂದರು, ಎಲ್ಲಕ್ಕಿಂತ, ನಿಮ್ಮ ಮನೆಯದೇ ಉದಾಹರಣೆ ಕೊಟ್ಟಿರಲ್ಲ, ಅದಕ್ಕೇ ಆ ತಂದೆ ನಿಮ್ಮ ಮಾತು ಕೇಳಿದ್ದು, ಪುಸ್ತಕದ ಮಾತಾಗಿದ್ದರೆ ಕೇಳ್ತಿರಲಿಲ್ಲ. ಬೆಚ್ಚಗಿದ್ದ ಕಿವಿ ಸುಡತೊಡಗಿತು. ದೊಡ್ಡ ಟೀಚರ್ ನನ್ನ ಮುಖ ನೋಡಿದರು. ಅವರಿಗೆ ಗೊತ್ತೇ? ಹೇಗೆ ಗೊತ್ತಿರುತ್ತದೆ, ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆದರೆ ಅವರು ನೋಡುವವರು, ದಿನವಿಡೀ ನೋಡುವುದೇ ಅವರ ಕಸುಬು, ತಡವಾಗಿ ಬರುತ್ತಿದ್ದವಳು ಒಂದು ದಿನದಿಂದ ಇದ್ದಕ್ಕಿದ್ದ ಹಾಗೆ ಹೊತ್ತಿಗೆ ಸರಿಯಾಗಿ ಬರತೊಡಗಿದರೆ ಅವರಿಗೆ ಏನು ಕಂಡಿರುತ್ತದೆ. ಮೇಡಂ ಹೋದ ಮೇಲೆ ಬ್ರಷ್ ತೊಳೆಯಲು ನಿಂತವಳ ಪಕ್ಕ ದೊಡ್ಡ ಟೀಚರ್ ಬಂದು ನಿಂತು, ತಾವೂ ನಾಲ್ಕು ಬ್ರಷ್ ತೊಳೆದರು, ನಾಳೆಯಿಂದ ಅರ್ಧ ಗಂಟೆ ತಡವಾಗಿ ಬಾ, ಮಗೂನ ಕರ್ಕೊಂಡು ಬರೋದು ರೂಢಿಯಾಗೋವರೆಗೂ, ಅಂದರು, ಕೈ ಒರೆಸಿಕೊಂಡು ಹೋದರು. ನಲ್ಲಿಯ ಕೆಳಗೆ ನೀಲಿ ಬಣ್ಣ ಹರಿದುಹೋಗುತ್ತಿತ್ತು, ನನಗೆ ಅಳು ಬಂತು, ಸಂತೋಷಕ್ಕೆ ಅಂದುಕೊಂಡೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು, ಗಾಜಿನ ಮೇಲೆ ಯಾರದೋ ಎಣ್ಣೆತಲೆಯ ಗುರುತು. ನಾನು ಟೀಚರ್. ಟೀಚರ್ ಆದೆ. ಇವರಿಗೆ ಫೋನು ಮಾಡಿ ಹೇಳಿದೆ, ಹೌದಾ, ಒಳ್ಳೇದಾಯ್ತು, ಬರ್ತೀನಿ, ಅಂದು ಇಟ್ಟರು, ಅವರ ಮಟ್ಟಿಗೆ ಅದು ದೊಡ್ಡ ಭಾಷಣವೇ. ಇನ್ನು ಎಲ್ಲ ಸರಿಹೋಗುತ್ತದೆ, ಕೊಟ್ಟ ಮಾತು ಉಳಿಸಿಕೊಳ್ಳುತ್ತೇನೆ, ಯಾರಿಗೆ ಕೊಟ್ಟ ಮಾತು, ನನಗೆ ನಾನೇ ಕೊಟ್ಟದ್ದು, ಕೊನೆಯ ಭೇಟಿ ಮುಗಿದ ದಿನದಿಂದ ಈ ನಲ್ಲಿ ಈ ಲೋಟ ಈ ತುದಿಗಾಲು ಎಲ್ಲ ಬಂದ್. ನಾಳೆ ಅವಳನ್ನೂ ಹೊರಡಿಸಿಕೊಂಡು ಬರುವುದು, ಪಕ್ಕದ ಕೋಣೆಯ ಬಾಗಿಲಲ್ಲಿ ಮಂಡಿಯೂರಿ ಅವಳ ಕಣ್ಣಿಗೆ ಕಣ್ಣು ಕೊಟ್ಟು ಹೇಳುವುದು, ಅಮ್ಮ ಆ ಕೋಣೆಗೆ ಹೋಗ್ತೀನಿ ಚುಕ್ಕಿ, ನೀನು ಊಟ ಮಾಡಿ ಎದ್ದ ಮೇಲೆ ಬರ್ತೀನಿ. ಬಸ್ಸಿನುದ್ದಕ್ಕೂ ತುಟಿಯಲ್ಲಿ ಅದನ್ನೇ ಹೇಳಿಕೊಂಡೆ, ಪಕ್ಕದ ಹೆಂಗಸು ನಾನು ಜಪ ಮಾಡುತ್ತಿದ್ದೇನೆಂದು ಸ್ವಲ್ಪ ಸರಿದು ಕೂತಳು. ಅಮ್ಮ ಆ ಕೋಣೆಗೆ ಹೋಗ್ತೀನಿ. ಅಳಲಿ, ಕಾಲಿಗೆ ತೆಕ್ಕೆಬೀಳಲಿ, ಹಾಲು ಕಕ್ಕಲಿ, ಎಷ್ಟು ಬೇಕಾದರೂ ಅಳಲಿ, ಮೈಯೆಲ್ಲ ಉಪ್ಪಾಗುವಷ್ಟು ಅಳಲಿ, ನಾನು ಪಕ್ಕದಲ್ಲಿ ಕೂತು ಕಾಯುತ್ತೇನೆ, ಕಾಯುವುದನ್ನು ಕಲಿತಿದ್ದೇನೆ. ಆದರೆ ಆ ಬೆನ್ನು. ಆ ತುಂಬಿದ ಲೋಟ. ಏನು ಕಂಡಿತು. ಲೋಟ ತುಂಬಿ ಚೆಲ್ಲುತ್ತಿತ್ತು, ಕೈ ಅಲ್ಲಾಡಲಿಲ್ಲ, ತಿರುಗಲಿಲ್ಲ. ಏನು ಅಂದುಕೊಂಡೆ. ಅದು ಆಮೇಲೆ, ಅದು ಆಮೇಲೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ, ಯಾರೂ ನೋಡುತ್ತಿಲ್ಲ ಅಂತ. ಎಷ್ಟು ದಿನದಿಂದ ಕುಡಿಯುತ್ತಿದ್ದೇನೆ. ಇವತ್ತು ಮೊದಲ ಸಲ ತಿರುಗಿ ನೋಡಿದೆ, ಉಳಿದ ದಿನಗಳಲ್ಲಿ ಅವಳು ಹೇಗೆ ಕೂತಿರುತ್ತಿದ್ದಳೋ ನಾನು ನೋಡಿಯೇ ಇಲ್ಲ.

ದರ್ಜಿ ಹೊಲಿಗೆ ಯಂತ್ರದಿಂದ ತಲೆಯೆತ್ತಿ, ಏನಕ್ಕಾ ಮುಖ ಅರಳಿದೆ, ಏನು ಸಿಕ್ತು ಇವತ್ತು ಅಂದ. ಕೆಲಸ ಸಿಕ್ತು ಅಂದೆ. ಹಾಗಾದ್ರೆ ಇನ್ಮೇಲೆ ಚಪ್ಪಲಿ ಹಾಕ್ಕೊಂಡೇ ಇಳೀರಿ ಅಂದ, ನಕ್ಕೆ, ಚಪ್ಪಲಿ ಹಾಕಿಕೊಂಡೇ ಮೆಟ್ಟಿಲು ಹತ್ತಿದೆ, ಬೇಕೆಂದೇ ಸದ್ದು ಮಾಡುತ್ತ, ಟಪ್ ಟಪ್, ಚುಕ್ಕಿ, ಅಮ್ಮ ಬಂದಳು, ಕೇಳಿಸಿಕೋ, ಕೊನೆಯ ಮೆಟ್ಟಿಲಲ್ಲಿ ಮಾತು ಕೇಳಿಸಿ ಕಾಲು ತಾನಾಗೇ ನಿಂತಿತು. ಬಾಗಿಲು ಅರ್ಧ ತೆರೆದಿದೆ, ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಉಜ್ಜುತ್ತಿದ್ದಾರೆ, ಆ ಗಲಾಟೆಯಲ್ಲಿ ನನ್ನ ಸದ್ದು ಇವಳಿಗೆ ಕೇಳಿಸಿಲ್ಲ. ಇವಳು ಆಡುತ್ತಿದ್ದಾಳೆ. ಆಡುವ ಮಗುವಿನ ಆಟವನ್ನು ಮುರಿಯಬಾರದು. ಉಸಿರು ಹಿಡಿದು ನಿಂತೆ, ಬಾಗಿಲ ಸಂದಿನಿಂದ ನೋಡಿದೆ. ಒಂದು ಕಿವಿ ಹರಿದ ಬಟ್ಟೆಯ ಕರಡಿ ಇದೆಯಲ್ಲ, ಪಾಪ ಅನ್ನುತ್ತಾಳಲ್ಲ ಅದನ್ನು, ಅದನ್ನು ಗೋಡೆಗೆ ಮುಖ ಮಾಡಿ ಕೂರಿಸಿದ್ದಾಳೆ, ಅದರ ಮುಂದೆ ಸ್ಟೀಲ್ ಲೋಟ, ಖಾಲಿ. ನೀರು ನೋಡು ಪಾಪ, ಅನ್ನುತ್ತಾಳೆ. ಕರಡಿ ವಾಲಿ ಪಕ್ಕಕ್ಕೆ ಬೀಳುತ್ತದೆ, ಅದರ ಮುಖ ಬಾಗಿಲ ಕಡೆ ತಿರುಗುತ್ತದೆ. ಚುಕ್ಕಿ ಬಂದು ಅದನ್ನು ಎತ್ತಿ ಮತ್ತೆ ಗೋಡೆಗೆ ಮುಖ ಮಾಡಿ ಕೂರಿಸುತ್ತಾಳೆ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತುತ್ತಾಳೆ, ಸಿಟ್ಟಿಲ್ಲ ಅವಳಿಗೆ, ಸಮಾಧಾನ ಮಾಡುವವಳ ದನಿ, ನಾನು ಜೇಬುವಿನ ಹತ್ತಿರ ಮಾತಾಡುವ ದನಿ.

ತಿರುಗ್ಬೇಡ ಪಾಪ. ತಿರುಗಿದ್ರೆ ಅಮ್ಮಂಗೆ ಲೇಟಾಗತ್ತೆ.

ಕರಡಿ ಈಗ ಬೀಳದೆ ಕೂತಿದೆ, ಅವಳು ಜಾಣ ಅಂದಳು ಅದಕ್ಕೆ, ಜಾಣ, ಹಾಗೇ ಇರು, ಆಮೇಲೆ ಬಾಗಿಲ ಪಕ್ಕ ಬಂದು ಬಗ್ಗಿದಳು, ತನ್ನ ಕೆಂಪು ಚಪ್ಪಲಿ, ಒಂದು ಎತ್ತಿದಳು, ಇನ್ನೊಂದು ಎತ್ತಿದಳು, ಎರಡನ್ನೂ ಎದೆಗೆ ಒತ್ತಿಕೊಂಡಳು, ಕರಡಿಯ ಬೆನ್ನನ್ನೇ ನೋಡುತ್ತ ಹಿಂದಿಂದಕ್ಕೆ, ನನ್ನ ಕಡೆಗೆ, ನಾನಿರುವುದು ಗೊತ್ತಿಲ್ಲದೆ, ಹಿಮ್ಮಡಿ ನೆಲಕ್ಕೆ ತಾಗಿಸದೆ, ಚಿಲಕ ಇವಳಿಗೆ ಎಟುಕುವುದಿಲ್ಲ, ಆದರೂ ಬೆರಳೊಂದನ್ನು ಮೇಲೆತ್ತಿ ಗಾಳಿಯಲ್ಲೇ ಒತ್ತಿ ಹಿಡಿದಳು, ಸದ್ದಾಗಬಾರದಲ್ಲ, ಮೆಲ್ಲಗೆ ಸರಿಸಿದಳು. ಇನ್ನೊಂದು ಹೆಜ್ಜೆಗೆ ನನ್ನ ಕಾಲಿಗೆ ತಾಗುತ್ತಾಳೆ. ಬಸ್ಸಿನುದ್ದಕ್ಕೂ ಕಲಿತ ಮಾತು ಬಾಯಲ್ಲೇ ಇದೆ, ಅಮ್ಮ ಆ ಕೋಣೆಗೆ, ಅಮ್ಮ ಆ, ಹೊರಗೆ ಬರುತ್ತಿಲ್ಲ. ಏನು ಕಂಡಿತು. ಕೋಪ ಸೇರಿಸಬೇಡ, ಅಳು ಸೇರಿಸಬೇಡ, ಕಂಡದ್ದು ಹೇಳು. ಒಂದು ಮಗು. ಗೋಡೆಗೆ ಮುಖ ಮಾಡಿದ ಕರಡಿ. ತುದಿಗಾಲು. ಚಪ್ಪಲಿ, ಕೆಂಪು, ಎರಡು ಚಿಕ್ಕ ಚಪ್ಪಲಿ — ಕೈಯಲ್ಲಿ. ಕೈಯಲ್ಲಿ ಚಪ್ಪಲಿ. ಚಪ್ಪಲಿ ಕೈಯಲ್ಲಿ.